ಫರ್ನೋ ಅಲ್ಲವೋ, ಎಲೆ ತಿರುಗಿಸಿ ನೋಡಿ

ನಮ್ಮ ಬೀದಿಯಲ್ಲಿ ಎಲೆ ಸಣ್ಣಸಣ್ಣದಾಗಿ ಸೀಳಿಕೊಂಡ ಗಿಡಕ್ಕೆಲ್ಲ ಒಂದೇ ಹೆಸರು, ಫರ್ನು. ಗಾಡಿಯಲ್ಲಿ ಗಿಡ ಮಾರುವವನು ಹಾಗೆ ಹೇಳುತ್ತಾನೆ, ಕೊಂಡವರು ಹಾಗೆ ಹೇಳುತ್ತಾರೆ, ಅವರ ಮನೆಯಿಂದ ಒಂದು ಬುಡ ಕಿತ್ತು ತಂದವರೂ ಹಾಗೇ ಹೇಳುತ್ತಾರೆ. ಶಾಲೆಯ ವಿಜ್ಞಾನದ ಪುಸ್ತಕದಲ್ಲಿ ಓದಿದ ಜರೀಗಿಡ ಎಂಬ ಮಾತು ಪರೀಕ್ಷೆ ಮುಗಿದ ಮೇಲೆ ಯಾರ ಬಾಯಲ್ಲೂ ಉಳಿಯಲಿಲ್ಲ. ಹೆಸರು ಏನೇ ಇರಲಿ, ಅದಕ್ಕೆ ನನ್ನ ತಕರಾರಿಲ್ಲ. ಒಂದೇ ಹೆಸರಿಟ್ಟ ಮೇಲೆ ಎಲ್ಲವನ್ನೂ ಒಂದೇ ಥರ ಸಾಕುತ್ತಾರಲ್ಲ, ಕಷ್ಟ ಬರುವುದು ಅಲ್ಲಿ. ಒಂದು ಗಿಡ ನೀರು ಹೆಚ್ಚಾಗಿ ಕೊಳೆಯುತ್ತದೆ, ಇನ್ನೊಂದು ಗಾಳಿಯಲ್ಲಿ ತೇವ ಸಾಲದೆ ಸೀದು ಹೋಗುತ್ತದೆ. ಇಬ್ಬರು ಯಜಮಾನಿಯರೂ "ಫರ್ನು ನಮ್ಮ ಕೈಗೆ ಹತ್ತೋದಿಲ್ಲ" ಎಂದು ಕುಂಡ ಖಾಲಿ ಮಾಡುತ್ತಾರೆ.

ಪಕ್ಕದ ಮನೆಯ ಅಕ್ಕ ಒಂದು ಬೆಳಿಗ್ಗೆ ಕಾಂಪೌಂಡ್ ಗೋಡೆಯ ಮೇಲೆ ಪ್ಲಾಸ್ಟಿಕ್ ಕುಂಡವೊಂದನ್ನು ತಂದಿಟ್ಟರು.

"ನೋಡಮ್ಮಾ ಇದನ್ನ. ಗೃಹಪ್ರವೇಶಕ್ಕೆ ಯಾರೋ ಕೊಟ್ಟಿದ್ದು, ಹೆಸರಿಲ್ಲ ಊರಿಲ್ಲ. ಫರ್ನಿಗೆ ನೀರು ಬೇಕು ಅಂತಾರಲ್ಲ, ದಿನಾ ಎರಡು ಹೊತ್ತು ಹಾಕ್ತೀನಿ. ಆದರೂ ಹಳದಿಯಾಗಿ ಉದುರ್ತಾನೇ ಇದೆ. ಮೊಮ್ಮಗ ಫೋನಲ್ಲಿ ಫೋಟೋ ಹೊಡೆದು ನೋಡಿದ, ಅದು ಒಂದೊಂದು ಸಲ ಒಂದೊಂದು ಹೆಸರು ಹೇಳುತ್ತೆ."

ಫೋನನ್ನು ದೂರಿ ಪ್ರಯೋಜನವಿಲ್ಲ. ಮೇಲಿನಿಂದ ತೆಗೆದ ಫೋಟೋದಲ್ಲಿ ಅದಕ್ಕೆ ಕಾಣುವುದು ಹಸಿರಿನ ಒಂದು ರಾಶಿ ಮಾತ್ರ. ಇಂಥ ಗಿಡದ ಗುರುತು ಇರುವುದು ಎಲೆಯ ಹಿಂಬದಿಯಲ್ಲಿ, ಹೊಸ ಚಿಗುರು ಏಳುವ ಬುಡದಲ್ಲಿ, ಮಣ್ಣಿನೊಳಗೆ. "ಅಕ್ಕಾ, ಒಂದು ರೆಂಬೆ ಎತ್ತಿ ಹಿಂದೆ ತಿರುಗಿಸಿ" ಅಂದೆ. ತಿರುಗಿಸಹೋದವರು ಕೈ ಹಿಂದಕ್ಕೆಳೆದುಕೊಂಡರು. ಮುಳ್ಳು! ಬಾಗಿದ ಕಾಂಡದ ಉದ್ದಕ್ಕೂ, ನೋಡಿದರೆ ಕಾಣದಷ್ಟು ಚಿಕ್ಕದಾಗಿ, ಮುಟ್ಟಿದರೆ ಮಾತ್ರ ಗೊತ್ತಾಗುವ ಮುಳ್ಳುಗಳು.

ಅಲ್ಲಿಗೆ ಅರ್ಧ ಪ್ರಶ್ನೆ ಬಗೆಹರಿಯಿತು. ಮನೆಯೊಳಗೆ ಸಾಕುವ ಜರೀಗಿಡಗಳಲ್ಲಿ ಇಂಥ ಮುಳ್ಳು ಇರುವುದಿಲ್ಲ. ಆಮೇಲೆ ಹೊಸ ಚಿಗುರು ನೋಡಿದೆವು. ಬುಡದಿಂದ ನೇರವಾಗಿ, ತೆಳ್ಳಗೆ, ಕಡ್ಡಿಯಾಗಿ ಎದ್ದಿತ್ತು. ಜರೀಗಿಡದ ಚಿಗುರು ಹಾಗೆ ಏಳುವುದಿಲ್ಲ. ಅದು ಚಕ್ಕುಲಿ ಸುತ್ತಿದ ಹಾಗೆ ಸುರುಳಿಯಾಗಿ ಹುಟ್ಟಿ, ತುದಿಯನ್ನು ಒಳಗೆ ಬಚ್ಚಿಟ್ಟುಕೊಂಡು, ದಿನಕ್ಕಿಷ್ಟು ಬಿಚ್ಚಿಕೊಳ್ಳುತ್ತಾ ಎಲೆಯಾಗುತ್ತದೆ. ಕೊನೆಗೆ ಅಕ್ಕ ತಾವೇ ಒಂದು ರೆಂಬೆಯ ಸಂದಿಯಲ್ಲಿ ಸಾಸಿವೆಗಿಂತ ಸ್ವಲ್ಪ ದೊಡ್ಡ ಬಿಳಿ ಮೊಗ್ಗನ್ನು ತೋರಿಸಿದರು. "ಇದು ಹೂವು ಬಿಡುತ್ತೆ ಕಣಮ್ಮ, ಸಂಜೆ ಹೊತ್ತು ಸಣ್ಣಗೆ ವಾಸನೆ ಕೂಡ ಬರುತ್ತೆ." ಜರೀಗಿಡ ಹೂ ಬಿಟ್ಟದ್ದು ಈ ಭೂಮಿಯ ಮೇಲೆ ಎಂದೂ ಇಲ್ಲ. ಹೂವು ಹುಟ್ಟುವುದಕ್ಕಿಂತ ಕೋಟ್ಯಂತರ ವರ್ಷ ಮೊದಲೇ ಬಂದ ವಂಶ ಅದು. ಹೂವಿಲ್ಲ, ಕಾಯಿಲ್ಲ, ಬೀಜವಿಲ್ಲ.

ಅಕ್ಕನ ಗಿಡ ಆಸ್ಪರಾಗಸ್ ಕುಲಕ್ಕೆ ಸೇರಿದ್ದು. ನರ್ಸರಿಯವರು ಸ್ಪ್ರೆಂಗೆರಿ ಅಂತ ಕರೆಯುವ ಗಿಡ. ಅದರ ತವರು ದಕ್ಷಿಣ ಆಫ್ರಿಕಾ. ಇಟಲಿಯ ನೇಪಲ್ಸ್‌ನಲ್ಲಿ ನರ್ಸರಿ ಇಟ್ಟಿದ್ದ ಕಾರ್ಲ್ ಸ್ಪ್ರೆಂಗರ್ ಎಂಬ ಜರ್ಮನ್ ತೋಟಗಾರನ ಹೆಸರು ಅದಕ್ಕೆ ಅಂಟಿಕೊಂಡಿದೆ. ಹೂಗುಚ್ಛಗಳಲ್ಲಿ ಗುಲಾಬಿಯ ಹಿಂದೆ ಇಟ್ಟು ಕಟ್ಟುತ್ತಾರಲ್ಲ ಜಾಲರಿಯಂಥ ಹಸಿರು ಸೊಪ್ಪು, ಮದುವೆಯ ಗಂಡಿನ ಕೋಟಿಗೆ ಹೂವಿನ ಜೊತೆ ಸಿಕ್ಕಿಸುತ್ತಾರಲ್ಲ, ಅದು ಇದರ ಒಡಹುಟ್ಟಿದ್ದು. ನಮ್ಮ ಕಾಡುಗಳಲ್ಲಿ ಬೆಳೆಯುವ ಶತಾವರಿಯೂ ಇದೇ ಕುಲ. ಹಲವು ಮಕ್ಕಳ ತಾಯಿ ಬೇರು ಎಂದು ಹಿರಿಯರು ಕರೆದು, ಬಾಣಂತಿಯರಿಗೆ ಹಾಲು ಹೆಚ್ಚಲಿ ಎಂದು ಕೊಡುತ್ತಿದ್ದ ಬೇರು. ಅಕ್ಕನಿಗೆ ಅದು ಚೆನ್ನಾಗಿ ಗೊತ್ತು, ಅವರ ತವರು ಸಕಲೇಶಪುರದ ಕಡೆ. "ಹಾಗಾದರೆ ಇದರ ಬೇರನ್ನೂ ಔಷಧಿಗೆ ಉಪಯೋಗಿಸಬಹುದೇನೇ?" ಎಂದು ಕೇಳಿಯೇ ಬಿಟ್ಟರು. ಬೇಡ. ಕುಲ ಒಂದೇ ಆದ ಮಾತ್ರಕ್ಕೆ ಗುಣ ಒಂದೇ ಆಗುವುದಿಲ್ಲ. ಸ್ಪ್ರೆಂಗೆರಿಯ ಕೆಂಪು ಹಣ್ಣನ್ನು ತಿಂದರೆ ನಾಯಿ ಬೆಕ್ಕುಗಳಿಗೆ ವಾಂತಿ ಭೇದಿ ಆಗುತ್ತದೆ. ಮಕ್ಕಳ ಕೈಗೂ ಸಿಗಬಾರದು.

ಈಗ ಹಳದಿಯ ವಿಚಾರ. ಕುಂಡವನ್ನು ಮಗುಚಿ ತಟ್ಟಿದೆವು. ಮಣ್ಣಿನ ಗಟ್ಟಿ ಹಾಗೇ ಈಚೆ ಬಂತು. ಮಣ್ಣು ಅನ್ನುವುದು ಹೆಸರಿಗೆ, ಇದ್ದದ್ದೆಲ್ಲ ಬೇರು. ಆ ಬೇರುಗಳ ನಡುನಡುವೆ ಹೆಬ್ಬೆರಳ ತುದಿಯಷ್ಟು ದಪ್ಪದ, ಬಿಳಿ ಬಿಳಿ ಗೆಡ್ಡೆಗಳು ಒತ್ತಿಕೊಂಡು ತುಂಬಿದ್ದವು. ಒಂದನ್ನು ಅಕ್ಕ ಉಗುರಿನಿಂದ ಚಿವುಟಿದರು, ನೀರು ಜಿನುಗಿತು. ಈ ಗಿಡ ಬಂದ ನೀರನ್ನು ಗೆಡ್ಡೆಯಲ್ಲಿ ಕೂಡಿಟ್ಟುಕೊಂಡು ವಾರಗಟ್ಟಲೆ ಬದುಕುವುದನ್ನು ಕಲಿತಿದೆ. ಅಂಥದ್ದಕ್ಕೆ ದಿನಕ್ಕೆರಡು ಹೊತ್ತು ನೀರು ಸುರಿದರೆ ಬೇರಿಗೆ ಉಸಿರು ಕಟ್ಟುತ್ತದೆ. ಕುಂಡದ ತಳದಲ್ಲಿದ್ದ ಗೆಡ್ಡೆಗಳು ಆಗಲೇ ಕಂದಾಗಿ ಮೆತ್ತಗಾಗಿದ್ದವು, ವಾಸನೆಯೂ ಹೊಡೆಯುತ್ತಿತ್ತು.

ಕೊಳೆತದ್ದನ್ನು ತೆಗೆದು, ಬುಡವನ್ನು ಹಳೆಯ ಚಾಕುವಿನಿಂದ ಎರಡು ಭಾಗ ಮಾಡಿದೆವು. ಇಲ್ಲೊಂದು ಮಾತು. ಈ ಗೆಡ್ಡೆಯನ್ನು ಮಾತ್ರ ಕಿತ್ತು ನೆಟ್ಟರೆ ಅದು ಚಿಗುರುವುದಿಲ್ಲ, ಅದು ಬರೀ ನೀರಿನ ಕಣಜ. ಚಿಗುರು ಬರುವುದು ಕಾಂಡಗಳೆಲ್ಲ ಸೇರುವ ನಡುಬುಡದಿಂದ. ಆದ್ದರಿಂದ ಪ್ರತಿ ಭಾಗದಲ್ಲೂ ಒಂದಿಷ್ಟು ಕಾಂಡ ಇರಲೇಬೇಕು. ಮಣ್ಣು, ಮರಳು, ಹಳೆಯ ಸಗಣಿ ಗೊಬ್ಬರ ಬೆರೆಸಿ, ತಳದಲ್ಲಿ ತೂತು ದೊಡ್ಡದಿರುವ ಮಣ್ಣಿನ ಕುಂಡಕ್ಕೆ ಹಾಕಿ, ಬೆಳಗಿನ ಬಿಸಿಲು ಬೀಳುವ ಮೆಟ್ಟಿಲ ಮೇಲಿಟ್ಟರೆ ಅದಕ್ಕೆ ಬೇರೇನೂ ಬೇಡ. ಮೇಲಿನ ಮಣ್ಣಿಗೆ ಬೆರಳು ಹಾಕಿ ನೋಡಿ, ಒಣಗಿದ್ದರೆ ನೀರು, ಇಲ್ಲದಿದ್ದರೆ ಇಲ್ಲ. ಹಳದಿಯಾದ ಕಾಂಡ ಮತ್ತೆ ಹಸಿರಾಗುವುದಿಲ್ಲ, ಬುಡಕ್ಕೇ ಕತ್ತರಿಸಿಬಿಡಿ. ಇನ್ನೊಂದು ವಿಷಯ ಕೇಳಿ ಅಕ್ಕ ಬಹಳ ಹೊತ್ತು ರೆಂಬೆಯನ್ನು ಕಣ್ಣಿನ ಹತ್ತಿರ ಹಿಡಿದು ನೋಡುತ್ತಿದ್ದರು. ನಾವು ಎಲೆ ಎಂದುಕೊಂಡ ಆ ಹಸಿರು ಸೂಜಿಗಳು ಎಲೆಗಳೇ ಅಲ್ಲ. ಅವು ಎಲೆಯ ಕೆಲಸಕ್ಕೆ ನಿಂತ ಪುಟ್ಟ ಕಾಂಡಗಳು. ನಿಜವಾದ ಎಲೆ ಅದರ ಬುಡದಲ್ಲಿ ಕಂದು ಬಣ್ಣದ ಒಣ ಹೊಪ್ಪಳೆಯಾಗಿ ಅಂಟಿಕೊಂಡಿರುತ್ತದೆ. ದೊಡ್ಡ ಕಾಂಡದಲ್ಲಿ ಕೈಗೆ ಚುಚ್ಚಿದ ಮುಳ್ಳೂ ಅದೇ ಎಲೆಯ ಬುಡ.

"ಹಾಗಾದ್ರೆ ನಿಜವಾದ ಫರ್ನು ಹೇಗಿರುತ್ತೆ?"

ಅದನ್ನು ತೋರಿಸಲು ಎಲ್ಲಿಗೂ ಹೋಗಬೇಕಿರಲಿಲ್ಲ. ನಾವಿಬ್ಬರೂ ಕೈಯೂರಿ ನಿಂತಿದ್ದ ಗೋಡೆಯಲ್ಲೇ, ಅವರ ಮನೆಯ ಬಚ್ಚಲ ಪೈಪು ಸೋರಿ ಗಾರೆ ಹಸಿಯಾಗಿರುವ ಕಡೆ, ಒಂದು ಗೊಂಚಲು ಬೆಳೆದು ನಿಂತಿದೆ. ಯಾರೂ ನೆಟ್ಟದ್ದಲ್ಲ. ಕಳೆ ಎಂದು ವರ್ಷಕ್ಕೊಂದು ಸಲ ಕೀಳುತ್ತಾರೆ, ಮತ್ತೆ ಬರುತ್ತದೆ. ನಡುವೆ ಒಂದು ಕಡ್ಡಿ, ಎರಡೂ ಕಡೆ ಉದ್ದುದ್ದ ಪಟ್ಟಿಯಂಥ ಎಲೆಗಳು. ಹಿಂದೆ ತಿರುಗಿಸಿದರೆ ಪ್ರತಿ ಪಟ್ಟಿಯ ಅಂಚಿಗೂ ಹೊಲಿಗೆ ಹಾಕಿದಂತೆ ಕಂದು ಗೆರೆ. ಇದು ಪ್ಟೆರಿಸ್ ವಿಟ್ಟಾಟ. ಸುಣ್ಣದ ಅಂಶ ಇರುವ ಹಳೆಯ ಗಾರೆಗೋಡೆ, ಬಾವಿಯ ಒಳಸುತ್ತು, ಚರಂಡಿಯ ಕಲ್ಲು ಅಂದರೆ ಇದಕ್ಕೆ ಪ್ರಾಣ. ಮೈಸೂರು ಬೆಂಗಳೂರುಗಳ ಹಳೆಯ ಬಡಾವಣೆಗಳಲ್ಲಿ ನಡೆಯುವಾಗ ಗೋಡೆಯ ಬಿರುಕುಗಳನ್ನು ನೋಡಿ, ಕಣ್ಣಿಗೆ ಬೀಳದೆ ಇರದು. ನೆಲದಲ್ಲಿರುವ ಆರ್ಸೆನಿಕ್ ವಿಷವನ್ನು ಇದು ಹೀರಿ ಎಲೆಯಲ್ಲಿ ತುಂಬಿಕೊಳ್ಳುತ್ತದೆ, ಆದರೂ ಸಾಯುವುದಿಲ್ಲ ಎಂದು 2001ರಲ್ಲಿ ಅಮೆರಿಕದ ಫ್ಲಾರಿಡಾದ ವಿಜ್ಞಾನಿಗಳು ತೋರಿಸಿದರು. ಕೆಟ್ಟ ನೆಲವನ್ನು ತೊಳೆಯಲು ಈಗ ಇದನ್ನು ಬಳಸುತ್ತಾರೆ. ನಮ್ಮ ಗೋಡೆಯ ಕಳೆಗೆ ಇಷ್ಟು ಶಕ್ತಿ ಇದೆ ಎಂದು ಗೊತ್ತಾದ ಮೇಲೆ ಅದನ್ನು ಕೀಳಲು ನನಗೆ ಕೈ ಬರುವುದಿಲ್ಲ.

ಆ ಕಂದು ಗೆರೆಯ ಬಗ್ಗೆ ಇನ್ನಷ್ಟು ಹೇಳಬೇಕು, ಏಕೆಂದರೆ ಎಷ್ಟೋ ಒಳ್ಳೆಯ ಗಿಡಗಳು ಪ್ರಾಣ ಬಿಡುವುದು ಅದರಿಂದಲೇ. ಜರೀಗಿಡ ಬೀಜದ ಬದಲು ಬೀಜಕಣ ಮಾಡುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣ ಪುಡಿ ಅದು. ಆ ಪುಡಿಯ ಚೀಲಗಳು ಎಲೆಯ ಹಿಂದೆ ಗುಂಪುಗುಂಪಾಗಿ ಕೂಡಿ ಕಂದು ಚುಕ್ಕೆಯಾಗಿಯೋ ಗೆರೆಯಾಗಿಯೋ ಕಾಣುತ್ತವೆ. ಮನೆಗೆ ತಂದ ಗಿಡದಲ್ಲಿ ಒಂದು ದಿನ ಇದ್ದಕ್ಕಿದ್ದಂತೆ ಇದು ಕಂಡರೆ "ಅಯ್ಯೋ ಹುಳ ಬಿತ್ತು" ಎಂದು ಬೇವಿನೆಣ್ಣೆ, ಸೋಪಿನ ನೀರು, ಹಲ್ಲುಜ್ಜುವ ಬ್ರಷ್ಷು ಎಲ್ಲ ಹೊರಗೆ ಬರುತ್ತವೆ. ನಿಜವಾದ ಹುಳವೂ ಉಂಟು. ಶಲ್ಕಕೀಟ ಎನ್ನುತ್ತಾರೆ, ಅದೂ ಕಂದು ಬೊಟ್ಟಿನ ಹಾಗೇ ಅಂಟಿಕೊಂಡಿರುತ್ತದೆ. ವ್ಯತ್ಯಾಸ ತಿಳಿಯುವುದು ಬಹಳ ಸುಲಭ. ಬೀಜಕಣದ ಚುಕ್ಕೆಗಳು ಎಲೆಯ ಹಿಂಬದಿಯಲ್ಲಿ ಮಾತ್ರ ಇರುತ್ತವೆ, ಅಳತೆ ಹಿಡಿದು ಇಟ್ಟಂತೆ ಸಾಲಾಗಿರುತ್ತವೆ, ಈ ಎಲೆಯಲ್ಲಿದ್ದ ಕ್ರಮವೇ ಆ ಎಲೆಯಲ್ಲೂ ಇರುತ್ತದೆ. ಹುಳಕ್ಕೆ ಸಾಲು ಗೊತ್ತಿಲ್ಲ, ಕಡ್ಡಿಯ ಮೇಲೂ ಇರುತ್ತದೆ, ಎಲೆಯ ಮೇಲೂ ಇರುತ್ತದೆ. ಉಗುರಿನಿಂದ ಕೆದಕಿದರೆ ಇಡಿಯಾಗಿ ಎದ್ದು ಬರುತ್ತದೆ. ಅದಿರುವ ಕಡೆ ಎಲೆ ಅಂಟಂಟಾಗಿ ಇರುವೆ ಓಡಾಡುತ್ತದೆ.

ಇನ್ನೂ ಸಂಶಯವಿದ್ದರೆ ಒಂದು ಎಲೆ ಕತ್ತರಿಸಿ, ಚುಕ್ಕೆಯ ಬದಿ ಕೆಳಗೆ ಮಾಡಿ, ಬಿಳಿ ಹಾಳೆಯ ಮೇಲಿಟ್ಟು, ಮೇಲೊಂದು ಪುಸ್ತಕ ಇಡಿ. ಚುಕ್ಕೆ ಬಲಿತಿದ್ದರೆ ಒಂದೆರಡು ದಿನದಲ್ಲಿ ಎಲೆ ಎತ್ತಿ ನೋಡಿದಾಗ ಅದರ ಚಿತ್ರವೇ ಹಾಳೆಯ ಮೇಲೆ ಕಂದು ಪುಡಿಯಲ್ಲಿ ಮೂಡಿರುತ್ತದೆ. ಮಕ್ಕಳಿರುವ ಮನೆಯಲ್ಲಿ ಇದನ್ನು ಮಾಡಲೇಬೇಕು. ಮಲೆನಾಡಿನ ಮಕ್ಕಳಿಗೆ ಇದಕ್ಕಿಂತ ಚಂದದ ಆಟ ಒಂದು ಗೊತ್ತು. ರಸ್ತೆಯ ಪಕ್ಕದ ದರೆಯಲ್ಲಿ ಬೆಳೆಯುವ ಒಂದು ಜರೀಗಿಡದ ಎಲೆಯ ಹಿಂದೆ ಬೆಳ್ಳಗೆ ಹಿಟ್ಟು ಬಳಿದಂತೆ ಇರುತ್ತದೆ. ಅದನ್ನು ಮುಂಗೈ ಮೇಲಿಟ್ಟು ಒಂದೇಟು ಹೊಡೆದರೆ ಎಲೆಯ ಅಚ್ಚು ಬಿಳಿಯ ಹಚ್ಚೆಯಾಗಿ ಕೂರುತ್ತದೆ. ಅಕ್ಕ ಇದನ್ನು ಹೇಳುವಾಗ ತಮ್ಮ ಕೈಯನ್ನೇ ತಟ್ಟಿಕೊಂಡು ತೋರಿಸಿದರು. ಆ ಗಿಡ ಅಮೆರಿಕದ ಉಷ್ಣವಲಯದಿಂದ ಬಂದು ನಮ್ಮ ಘಟ್ಟದಲ್ಲಿ ನೆಲೆಸಿದ್ದು ಎಂದರೆ ಅವರಿಗೆ ನಂಬಲಿಕ್ಕೇ ಆಗಲಿಲ್ಲ.

ಬೀಜಕಣದಿಂದ ಗಿಡ ಆಗುವ ಕಥೆಯೇ ನನಗೆ ಎಲ್ಲಕ್ಕಿಂತ ಇಷ್ಟ. ಹೂವಿಲ್ಲದೆ ಹಣ್ಣಿಲ್ಲದೆ ಇದು ಹೇಗೆ ಹುಟ್ಟುತ್ತದೆ ಎಂದು ಯುರೋಪಿನವರು ಶತಮಾನಗಳ ಕಾಲ ತಲೆ ಕೆಡಿಸಿಕೊಂಡಿದ್ದರು. ಕಾಣದ ಬೀಜ ಒಂದಿದೆ, ಅದು ಸಿಕ್ಕಿದವನೂ ಯಾರ ಕಣ್ಣಿಗೂ ಕಾಣದಂತಾಗುತ್ತಾನೆ ಎಂಬ ನಂಬಿಕೆ ಹಳ್ಳಿಗಳಲ್ಲಿ ಇತ್ತು. ಜಮೈಕಾದಲ್ಲಿ ವೈದ್ಯನಾಗಿದ್ದ ಜಾನ್ ಲಿಂಡ್ಸೆ ಆ ಪುಡಿಯನ್ನು ಬಿತ್ತಿ ಗಿಡ ಎಬ್ಬಿಸಿ, ಅದರ ವಿವರವನ್ನು 1794ರಲ್ಲಿ ಲಂಡನ್ನಿನ ಲಿನಿಯನ್ ಸೊಸೈಟಿಯ ಪತ್ರಿಕೆಯಲ್ಲಿ ಅಚ್ಚು ಹಾಕಿಸಿದ. ಬೀಜಕಣ ಮೊಳೆತರೆ ನೇರವಾಗಿ ಗಿಡ ಆಗುವುದಿಲ್ಲ. ಮೊದಲು ಉಗುರಿಗಿಂತ ಚಿಕ್ಕದಾದ, ಹೃದಯದ ಆಕಾರದ, ತೆಳು ಹಸಿರು ಬಿಲ್ಲೆಯೊಂದು ನೆಲಕ್ಕೆ ಅಂಟಿಕೊಂಡು ಬೆಳೆಯುತ್ತದೆ. ಗಂಡು ಹೆಣ್ಣು ಎರಡೂ ಅದರ ಮೇಲೇ. ಗಂಡು ಕಣ ಹೆಣ್ಣಿನ ಬಳಿಗೆ ಈಜಿಕೊಂಡು ಹೋಗಬೇಕು, ಅದಕ್ಕೆ ಒಂದು ಪದರ ನೀರು ಬೇಕೇ ಬೇಕು. ಆ ಮಿಲನ ಆದ ಮೇಲೆ ಬಿಲ್ಲೆಯ ಅಡಿಯಿಂದ ಮೊದಲ ಪುಟ್ಟ ಎಲೆ ಏಳುತ್ತದೆ. ಗೋಡೆಯ ಉಳಿದ ಭಾಗವನ್ನೆಲ್ಲ ಬಿಟ್ಟು ಬಚ್ಚಲ ಪೈಪು ಸೋರುವ ಕಡೆಯೇ ಜರೀಗಿಡ ಹುಟ್ಟಿದ್ದಕ್ಕೆ ಕಾರಣ ಇದು.

ನೀವೂ ಬಿತ್ತಿ ನೋಡಬಹುದು. ಒಂದು ಇಟ್ಟಿಗೆ ತುಂಡನ್ನು ನೀರಿನಲ್ಲಿ ಕುದಿಸಿ ಆರಿಸಿ, ನೀರು ಹಾಕಿದ ತಟ್ಟೆಯಲ್ಲಿಟ್ಟು, ಮೇಲೆ ಆ ಕಂದು ಪುಡಿ ಉದುರಿಸಿ, ಗಾಜಿನ ಬಟ್ಟಲು ಬೋರಲು ಹಾಕಿ, ಬಿಸಿಲು ತಾಕದ ಬೆಳಕಿನಲ್ಲಿಡಿ. ಇಟ್ಟಿಗೆ ಒಣಗಬಾರದು ಅಷ್ಟೇ. ಕೆಲವು ವಾರದಲ್ಲಿ ಹಸಿರು ಪೊರೆ ಕಟ್ಟುತ್ತದೆ, ಆಮೇಲೆ ಬಿಲ್ಲೆಗಳು ಕಾಣುತ್ತವೆ, ಎಲೆ ಬರಲು ತಿಂಗಳುಗಳೇ ಬೇಕು. ಅವಸರದವರಿಗೆ ಹೇಳಿದ ಕೆಲಸವಲ್ಲ.

ಗಾಜಿನ ಮಾತು ಬಂದಾಗ ಡಾಕ್ಟರ್ ವಾರ್ಡ್‌ರನ್ನು ಬಿಟ್ಟು ಮುಂದೆ ಹೋಗಲಾರೆ. ನಥಾನಿಯಲ್ ಬ್ಯಾಗ್‌ಶಾ ವಾರ್ಡ್ ಲಂಡನ್ನಿನ ವೈದ್ಯ. ಕಲ್ಲಿದ್ದಲ ಹೊಗೆ ತುಂಬಿದ ಆ ಊರಿನಲ್ಲಿ ಎಷ್ಟು ಆಸೆಪಟ್ಟರೂ ಆತನ ಜರೀಗಿಡಗಳು ಬದುಕುತ್ತಿರಲಿಲ್ಲ. 1829ರಲ್ಲಿ ಪತಂಗದ ಗೂಡೊಂದನ್ನು ನೋಡಬೇಕೆಂದು ಹಸಿಮಣ್ಣು ಹಾಕಿದ ಬಾಟಲಿಯಲ್ಲಿ ಇಟ್ಟು ಮುಚ್ಚಿದ. ಆ ಮಣ್ಣಿನಲ್ಲಿ ತಾನಾಗಿ ಒಂದು ಜರೀಗಿಡ ಮೊಳೆಯಿತು, ಮುಚ್ಚಿದ ಬಾಟಲಿಯೊಳಗೇ ವರ್ಷಗಟ್ಟಲೆ ಬೆಳೆಯಿತು. ಒಳಗಿನ ನೀರು ಆವಿಯಾಗಿ ಗಾಜಿಗೆ ತಾಗಿ ಮತ್ತೆ ಮಣ್ಣಿಗೇ ಇಳಿಯುತ್ತಿತ್ತು. ಈ ಗಾಜಿನ ಪೆಟ್ಟಿಗೆ ಆಮೇಲೆ ಹಡಗೇರಿ ದೇಶದೇಶಗಳ ಗಿಡಗಳನ್ನು ಸಾಗಿಸಿತು. ಚೀನಾದ ಚಹಾ ಗಿಡಗಳನ್ನು ರಾಬರ್ಟ್ ಫಾರ್ಚ್ಯೂನ್ ಭಾರತಕ್ಕೆ ತಂದದ್ದು ಇಂಥ ಪೆಟ್ಟಿಗೆಗಳಲ್ಲೇ. ಇಂಗ್ಲೆಂಡಿನ ಮನೆಮನೆಗಳಲ್ಲಿ ಜರೀಗಿಡ ಕೂಡಿಡುವ ಹುಚ್ಚು ಹತ್ತಿ, ಅಪರೂಪದ ಜಾತಿಗಳನ್ನು ಜನ ಬೆಟ್ಟಗಳಿಂದ ಬುಡಸಮೇತ ಕಿತ್ತೊಯ್ದರು. ಆ ಕಾಲದಲ್ಲೇ ನಮ್ಮ ದಕ್ಷಿಣದ ಕಾಡುಗಳನ್ನು ಸುತ್ತಿದ ಸೇನಾಧಿಕಾರಿ, ಅರಣ್ಯಾಧಿಕಾರಿ ರಿಚರ್ಡ್ ಹೆನ್ರಿ ಬೆಡ್ಡೋಮ್ ದಕ್ಷಿಣ ಭಾರತದ ಜರೀಗಿಡಗಳ ಬಗ್ಗೆ ಚಿತ್ರಸಹಿತ ಪುಸ್ತಕವನ್ನು 1863-64ರ ಹೊತ್ತಿಗೆ ಹೊರತಂದ. ಘಟ್ಟದ ಜರೀಗಿಡಗಳ ಬಗ್ಗೆ ಕೆಲಸ ಮಾಡುವವರು ಇಂದಿಗೂ ಅದನ್ನು ತೆರೆಯುತ್ತಾರೆ.

ನೋಟ ಎರಡೂ ಕಡೆಗೆ ಮೋಸ ಮಾಡುತ್ತದೆ, ಅದನ್ನೂ ಹೇಳಬೇಕು. ಜರೀಗಿಡದ ಹಾಗೆ ಕಂಡದ್ದು ಅದಾಗಿರುವುದಿಲ್ಲ, ಅದೇ ಆಗಿರುವುದು ಹಾಗೆ ಕಾಣುವುದಿಲ್ಲ. ಬರ್ಡ್ಸ್ ನೆಸ್ಟ್ ಎಂದು ನರ್ಸರಿಗಳಲ್ಲಿ ಮಾರುವ ಗಿಡದ ಎಲೆಗೆ ಒಂದು ಸೀಳೂ ಇಲ್ಲ, ಅಗಲವಾದ ಇಡಿ ಎಲೆ. ಆದರೂ ಅದು ಅಸಲಿ ಜರೀಗಿಡ. ಎಲೆ ತಿರುಗಿಸಿದರೆ ಪೆನ್ಸಿಲಿನಿಂದ ಎಳೆದಂಥ ಕಂದು ಗೆರೆಗಳು ನಡುನರದಿಂದ ಓರೆಯಾಗಿ ಹೊರಟಿರುತ್ತವೆ. ಹೈನುಗಾರಿಕೆ ಮಾಡುವವರು ತೊಟ್ಟಿಯಲ್ಲಿ ಬೆಳೆದು ಹಸುಗಳಿಗೆ ಹಾಕುವ ಅಜೋಲಾ ಕೂಡ ನೀರಿನ ಮೇಲೆ ತೇಲುವ ಜರೀಗಿಡವೇ. ಅತ್ತ ಸೈಕಸ್ ಹೊಸ ಎಲೆ ಬಿಡುವಾಗ ಅದರ ಗರಿಗಳು ಥೇಟ್ ಜರೀಗಿಡದ ಚಿಗುರಿನ ಹಾಗೆ ಸುರುಳಿ ಸುತ್ತಿಕೊಂಡಿರುತ್ತವೆ. ಅದು ಬೀಜ ಬಿಡುವ ಗಿಡ, ಮೇಲಾಗಿ ಆ ಬೀಜ ನಾಯಿಗಳಿಗೆ ಪ್ರಾಣಾಂತಕ ವಿಷ. ಆದ್ದರಿಂದ ಒಂದು ಗುರುತು ಸಿಕ್ಕಿತೆಂದು ಅಲ್ಲಿಗೇ ನಿಲ್ಲಿಸಬಾರದು. ಚಿಗುರು, ಹಿಂಬದಿ, ಬುಡ, ಬೇರು, ನಾಲ್ಕೂ ಒಂದೇ ಮಾತು ಹೇಳಬೇಕು.

ಅಕ್ಕನ ಮಗಳು ಇಂಗ್ಲೆಂಡಿನಲ್ಲಿದ್ದಾಳೆ. ಅಮ್ಮ ಗಿಡದ ವಿಚಾರ ಹೇಳಿದ್ದನ್ನು ಕೇಳಿ ಅವಳೂ ತನ್ನ ಮನೆಯ "ಫರ್ನು" ಒಂದರ ಫೋಟೋ ಕಳಿಸಿದಳು. ಕಿಟಕಿಯ ಪಕ್ಕ, ಚಂದದ ಪಿಂಗಾಣಿ ಕುಂಡದಲ್ಲಿ, ಮೊಣಕಾಲೆತ್ತರದ ಗಿಡ. ಎಲೆ ಜರೀಗಿಡದ್ದೇ ಅನ್ನಬೇಕು, ಅಷ್ಟು ನಾಜೂಕಾಗಿ ಸೀಳಿದೆ. "ಎಲೆ ಮಗುಚಿ ಇನ್ನೊಂದು ಫೋಟೋ ಕಳಿಸಮ್ಮ" ಎಂದೆವು. ಬಂತು. ಚುಕ್ಕೆಯೂ ಇಲ್ಲ, ಗೆರೆಯೂ ಇಲ್ಲ, ಹಿಂಬದಿ ಪೂರ್ತಿ ಬೆಳ್ಳಿಯ ಹೊಳಪು. ಕಾಂಡ ಬುಡದಲ್ಲಿ ಆಗಲೇ ಮರವಾಗತೊಡಗಿದೆ. ಅಕ್ಕ ಫೋನನ್ನು ನನ್ನ ಕೈಯಿಂದ ಕಿತ್ತುಕೊಂಡು ನೋಡಿ, "ಅಯ್ಯೋ, ಇದು ನಮ್ಮ ಸಿಲ್ವರ್ ಓಕ್ ಕಣೇ!" ಎಂದರು. ಹೌದು, ಅದೇ. ಆಸ್ಟ್ರೇಲಿಯಾದ ಮರ. ಕೊಡಗು, ಚಿಕ್ಕಮಗಳೂರು, ಹಾಸನದ ಕಾಫಿ ತೋಟಗಳಲ್ಲಿ ನೆರಳಿಗೆ ನೆಟ್ಟು ಮೆಣಸಿನ ಬಳ್ಳಿ ಹಬ್ಬಿಸುವ ಮರ, ನೂರಡಿ ಬೆಳೆಯಬಲ್ಲದು. ಚಳಿದೇಶಗಳಲ್ಲಿ ಎಳೆಯ ಎಲೆಯ ಅಂದಕ್ಕಾಗಿ ಸಸಿಯನ್ನು ಮನೆಯೊಳಗೆ ಸಾಕುತ್ತಾರೆ. ತನ್ನ ಅಜ್ಜನ ತೋಟದ ಮರವನ್ನೇ ಮಗಳು ಅಷ್ಟು ದೂರದಲ್ಲಿ ಕಿಟಕಿಯ ಮೇಲಿಟ್ಟು ಸಾಕುತ್ತಿದ್ದಾಳೆ ಎಂಬುದು ಅಕ್ಕನಿಗೆ ಎಷ್ಟು ಸಂತೋಷ ಕೊಟ್ಟಿತೆಂದರೆ, ಆ ದಿನ ನಮ್ಮ ಮನೆಗೆ ಗೋಡೆಯ ಮೇಲಿಂದ ಹಬೆಯಾಡುವ ಅಕ್ಕಿರೊಟ್ಟಿ ಬಂತು. ಮಗಳಿಗೆ ಹೇಳಿದ್ದು ಇಷ್ಟು: ಬೆಳಕು ಜಾಸ್ತಿ ಕೊಡು, ಕುಂಡದಲ್ಲಿ ನೀರು ನಿಲ್ಲಲು ಬಿಡಬೇಡ, ನಾಲ್ಕೈದು ವರ್ಷದಲ್ಲಿ ಅದು ಕಿಟಕಿ ಮೀರಿ ಹೋಗುತ್ತದೆ, ಆಗ ಬೇಸರ ಮಾಡಿಕೊಳ್ಳಬೇಡ.

ಇಷ್ಟೆಲ್ಲ ಆದ ಮೇಲೆ ನಿಜವಾದ ಜರೀಗಿಡ ಒಂದನ್ನು ಸಾಕಲೇಬೇಕೆಂದು ಅಕ್ಕನಿಗೆ ಹಟ ಬಂದಿದೆ. ಮೊದಲು ತರಬೇಕಾದದ್ದು ಬಾಸ್ಟನ್ ಫರ್ನು ಎನ್ನುವುದು ನನ್ನ ಖಚಿತ ಅಭಿಪ್ರಾಯ. 1894ರಲ್ಲಿ ಫಿಲಡೆಲ್ಫಿಯಾದಿಂದ ಬಾಸ್ಟನ್ನಿಗೆ ಕಳಿಸಿದ ಗಿಡಗಳ ಮಧ್ಯೆ ಎಲೆ ಬಳುಕುವ ಒಂದು ವಿಶೇಷ ಗಿಡ ಸಿಕ್ಕಿತು, ಅದರ ಸಂತಾನ ಇದು. ಇದರ ಬೀಜಕಣ ಬಿತ್ತಿ ಕಾಯುವುದು ಬೇಡ. ಬುಡದಿಂದ ದಾರದಂಥ ಹಂಬುಗಳು ಹೊರಟು ಮಣ್ಣು ತಾಕಿದ ಕಡೆ ಮರಿ ಹಾಕುತ್ತವೆ, ಬೇರು ಬಂದ ಮರಿಯನ್ನು ಬೇರ್ಪಡಿಸಿ ನೆಟ್ಟರಾಯಿತು. ಹೊಳೆಯುವ ಕರಿ ಕಡ್ಡಿಯ, ಗಾಳಿ ಸುಳಿದರೂ ನಡುಗುವ ಮೇಡನ್‌ಹೇರ್ ಬಹಳ ಚೆಲುವೆ, ಆದರೆ ಒಂದು ದಿನ ಮರೆತರೆ ಮುರುಟಿ ಹೋಗುತ್ತದೆ. ಹಾಗೆ ಮುರುಟಿದ್ದನ್ನೂ ಎಸೆಯಬೇಡಿ. ಎಲ್ಲ ಕಡ್ಡಿಗಳನ್ನು ಮಣ್ಣಿನ ಮಟ್ಟಕ್ಕೆ ಕತ್ತರಿಸಿ ತೇವ ಆರದಂತೆ ನೋಡಿಕೊಂಡರೆ ಬುಡ ಬದುಕಿದ್ದಲ್ಲಿ ಮತ್ತೆ ಚಿಗುರುತ್ತದೆ.

ಮಲೆನಾಡಿನವರಿಗೆ, ಕರಾವಳಿಯವರಿಗೆ ನಾನು ಹೇಳಿಕೊಡುವುದೇನಿಲ್ಲ, ಅವರ ಅಂಗಳದ ಕಲ್ಲಿನ ಸಂದಿಯಲ್ಲೇ ಜರೀಗಿಡ ಹುಟ್ಟುತ್ತದೆ. ಕಷ್ಟ ಇರುವುದು ಮೈಸೂರು ಬೆಂಗಳೂರಿನ ಮಾರ್ಚ್ ಏಪ್ರಿಲ್‌ಗಳಲ್ಲಿ, ಅದಕ್ಕಿಂತ ಹೆಚ್ಚಾಗಿ ಬಳ್ಳಾರಿ ರಾಯಚೂರು ಕಲಬುರಗಿಯ ಒಣಗಾಳಿಯಲ್ಲಿ. ಅಲ್ಲಿ ಮಣ್ಣಿಗೆ ನೀರು ಹೆಚ್ಚು ಹಾಕಿ ಉಪಯೋಗವಿಲ್ಲ, ಗಾಳಿಗೆ ತೇವ ಬೇಕು. ಕುಂಡವನ್ನು ಅದಕ್ಕಿಂತ ದೊಡ್ಡ ಕುಂಡದೊಳಗಿಟ್ಟು, ನಡುವಿನ ಸಂದಿಗೆ ಮರಳು ತುಂಬಿ, ಆ ಮರಳನ್ನು ಸದಾ ಹಸಿಯಾಗಿಡಿ. ಬಚ್ಚಲಿನ ಕಿಟಕಿ, ಪಾತ್ರೆ ತೊಳೆಯುವ ಹಿತ್ತಿಲ ಮೂಲೆ, ಬಾವಿಕಟ್ಟೆಯ ಪಕ್ಕ ಒಳ್ಳೆಯ ಜಾಗ. ಫ್ಯಾನಿನ ಕೆಳಗೆ, ಏಸಿಯ ಎದುರು ಬೇಡವೇ ಬೇಡ. ಮಣ್ಣಿಗೆ ತರಗೆಲೆಯ ಗೊಬ್ಬರ, ತೆಂಗಿನ ನಾರಿನ ಪುಡಿ, ಸ್ವಲ್ಪ ಇಟ್ಟಿಗೆ ಚೂರು ಸಾಕು. ಬುಡವನ್ನು ಮಣ್ಣಿನಲ್ಲಿ ಆಳವಾಗಿ ಹೂಳಬೇಡಿ, ಮೇಲೆ ಕಾಣುತ್ತಿರಲಿ.

ನೀರಿನ ಬಗ್ಗೆ ಒಂದು ಮುಖ್ಯ ಸಂಗತಿ. ಕುಡಿಯುವ ನೀರಿನ ಆರ್‌ಓ ಯಂತ್ರದಿಂದ ಹೊರಬರುವ ನೀರನ್ನು ವ್ಯರ್ಥ ಮಾಡಬಾರದೆಂದು ಗಿಡಗಳಿಗೆ ಹಾಕುವ ರೂಢಿ ಈಗ ಎಷ್ಟೋ ಮನೆಗಳಲ್ಲಿದೆ. ಉದ್ದೇಶ ಒಳ್ಳೆಯದು. ಆದರೆ ಕುಡಿಯುವ ನೀರಿನಿಂದ ತೆಗೆದ ಲವಣವೆಲ್ಲ ಅದರಲ್ಲೇ ಇರುತ್ತದೆ. ಗಡಸು ಬೋರ್‌ವೆಲ್ ನೀರಾದರೆ ಇನ್ನೂ ಹೆಚ್ಚು. ಜರೀಗಿಡದ ಬೇರು ಅದನ್ನು ತಡೆಯುವುದಿಲ್ಲ, ಎಲೆಯ ಅಂಚು ಕಂದಾಗಿ ಗರಿಗರಿಯಾಗುತ್ತದೆ. ಅಕ್ಕ ಮಳೆನೀರನ್ನು ಒಂದು ಡ್ರಮ್ಮಿನಲ್ಲಿ ಹಿಡಿದಿಡಲು ತಾರಸಿಯ ಪೈಪಿಗೆ ವ್ಯವಸ್ಥೆ ಮಾಡಿಸಿದ್ದಾರೆ. ಗೊಬ್ಬರವೂ ಹಾಗೆಯೇ, ನೀರಾಗಿಸಿ ತಿಂಗಳಿಗೊಮ್ಮೆ ಕೊಡಿ, ಚಳಿಗಾಲದಲ್ಲಿ ಅದೂ ಬೇಡ.

ಕೊನೆಗೊಂದು ಬೇಡಿಕೆ. ಮಳೆಗಾಲದಲ್ಲಿ ಆಗುಂಬೆಗೋ ಕುದುರೆಮುಖಕ್ಕೋ ಕೊಡಗಿಗೋ ಹೋದವರು ದಾರಿಬದಿಯ ದರೆಯಿಂದ ಜರೀಗಿಡಗಳನ್ನು ಕಿತ್ತು ಪ್ಲಾಸ್ಟಿಕ್ ಚೀಲದಲ್ಲಿ ತುಂಬಿಕೊಂಡು ಬರುವುದನ್ನು ನೋಡುತ್ತೇನೆ. ದಯವಿಟ್ಟು ಹಾಗೆ ಮಾಡಬೇಡಿ. ಮಂಜಿನಲ್ಲಿ ಬೆಳೆದದ್ದು ನಮ್ಮ ಬಾಲ್ಕನಿಯ ಬಿಸಿಗಾಳಿಗೆ ಉಳಿಯುವುದಿಲ್ಲ, ಅಲ್ಲೂ ಇರುವುದಿಲ್ಲ, ಇಲ್ಲೂ ಇರುವುದಿಲ್ಲ. ಮರದೆತ್ತರ ಬೆಳೆಯುವ ಜರೀಗಿಡಗಳ ವ್ಯಾಪಾರದ ಮೇಲೆ ಅಂತರರಾಷ್ಟ್ರೀಯ ಒಪ್ಪಂದದ ಹಿಡಿತವೇ ಇದೆ. ಕೊಡಗಿನವರು ಮಳೆಗಾಲದಲ್ಲಿ ತೆರ್ಮೆ ತೊಪ್ಪು ಎಂದು ಸುರುಳಿ ಚಿಗುರು ಕುಯ್ದು ಪಲ್ಯ ಮಾಡುತ್ತಾರೆ. ಯಾವ ಜಾತಿ, ಎಷ್ಟು ಎಳೆಯದು, ಬುಡಕ್ಕೆ ಎಷ್ಟು ಬಿಡಬೇಕು ಎಂಬುದೆಲ್ಲ ಅವರಿಗೆ ತಲೆಮಾರಿನಿಂದ ಗೊತ್ತು. ಅದನ್ನು ನೋಡಿ ಕಂಡ ಸುರುಳಿಯನ್ನೆಲ್ಲ ಬೇಯಿಸಲು ಹೋಗಬೇಡಿ, ಕ್ಯಾನ್ಸರ್ ತರುವ ವಸ್ತು ಇರುವ ಜಾತಿಯೂ ಇದೆ.

ಗಿಡ ಬೇಕೆನ್ನುವವರು ನರ್ಸರಿಯಲ್ಲಿ ಕೊಳ್ಳಿ, ಇಲ್ಲವೇ ನೆರೆಮನೆಯಲ್ಲಿ ಕೇಳಿ. ನಮ್ಮ ಬಾಸ್ಟನ್ ಫರ್ನು ಈ ವರ್ಷ ಹಂಬು ಚೆನ್ನಾಗಿ ಬಿಟ್ಟಿದೆ. ಜೂನ್ ತಿಂಗಳ ಮೊದಲ ಮಳೆ ಬಿದ್ದ ಮೇಲೆ ಬನ್ನಿ, ಬೇರು ಬಂದ ಮರಿಗಳನ್ನು ಬಿಡಿಸಿ ಕೊಡುತ್ತೇನೆ. ಬರುವಾಗ ಮಣ್ಣಿನ ಕುಂಡ ತನ್ನಿ, ತಳದಲ್ಲಿ ತೂತು ಇರಲಿ.